ನಾಲ್ಕನೇ ಪ್ರಶ್ನೆಗೆ ಯಾರೂ ಕೈ ಎತ್ತಬಾರದು

ಬಿ.ಇಡಿ. ಅಂದರೆ ಏನು ಓದುತ್ತಾರೆ ಅಂತ ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಆದರೆ ಅದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ನಮ್ಮೂರು ತಿ. ನರಸೀಪುರದ ಪಕ್ಕದ್ದು, ಸೀಟು ಸಿಕ್ಕಿದ್ದು ನಂಜನಗೂಡಿನಲ್ಲಿ. ಸೀಟು ಸಿಕ್ಕಿದ ದಿನವೇ ನಮ್ಮವ್ವ ನಾಟಿ ಗದ್ದೆಯಲ್ಲಿ ನಿಂತು "ನನ್ ಮಗ್ಳು ಮೇಡಮ್ಮಾದ್ಲು ಕಣ್ರವ್ವ" ಅಂತ ಸಾರಿಬಿಟ್ಟಿದ್ದಳು. ಮಾರನೆಯ ದಿನದಿಂದ ಬೀದಿಯ ಹೆಂಗಸರು ನಲ್ಲಿಯ ಹತ್ತಿರ ನನಗೆ ಜಾಗ ಬಿಡತೊಡಗಿದರು, ಮೇಡಮ್ಮ ಮೊದಲು ನೀರು ಹಿಡಿದುಕೊಳ್ಳಲಿ ಅಂತ. ಇನ್ನು ಫೇಲಾಗಿ ಊರಿಗೆ ಹೋದರೆ ಆ ನಲ್ಲಿಯ ಹತ್ತಿರ ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ತೊಂಬತ್ತರ ದಶಕದ ಕೊನೆಯ ಆ ವರ್ಷವೆಲ್ಲ ನನಗೆ ಇದೊಂದೇ ಭಯ.

ಓದಿದ್ದು ಏನು ಅಂತ ಹೇಳುತ್ತೇನೆ ಕೇಳಿ. ಮನೋವಿಜ್ಞಾನದಲ್ಲಿ ಮೊದಲು ನಾಯಿ ಬಂತು, ಗಂಟೆ ಬಾರಿಸಿದರೆ ಜೊಲ್ಲು ಸುರಿಸುವ ನಾಯಿ. ಆಮೇಲೆ ಪೆಟ್ಟಿಗೆಯೊಳಗಿನ ಬೆಕ್ಕು, ಆಮೇಲೆ ಇಲಿ, ಆಮೇಲೆ ಕೋಲಿನಿಂದ ಬಾಳೆಹಣ್ಣು ಎಳೆದುಕೊಳ್ಳುವ ಚಿಂಪಾಂಜಿ. ಇವೆಲ್ಲ ಹೇಗೆ ಕಲಿಯುತ್ತವೆ ಅಂತ ಚಿತ್ರ ಬರೆದು, ಭಾಗ ಗುರುತಿಸಿ ಒಪ್ಪಿಸಿದೆವು. ಎಂಟನೇ ಕ್ಲಾಸಿನ ಮಗು ಹೇಗೆ ಕಲಿಯುತ್ತದೆ ಅನ್ನುವುದು ಕೊನೆಯ ಘಟಕದಲ್ಲಿತ್ತು. ಅದನ್ನು ಎಲ್ಲರೂ ಚಾಯ್ಸಿನಲ್ಲಿ ಬಿಟ್ಟರು, ನಾನೂ ಬಿಟ್ಟೆ.

ಅಣುಬೋಧನೆ ಅಂತ ಇನ್ನೊಂದು ಇತ್ತು. ಆರು ನಿಮಿಷದ ಪಾಠ. ನಮ್ಮಲ್ಲೇ ಒಬ್ಬರು ಟೀಚರು, ಮಿಕ್ಕವರೆಲ್ಲ ಮಕ್ಕಳು. ತಾಂಡವಪುರದಿಂದ ಬರುತ್ತಿದ್ದ ಒಬ್ಬ ಸಹಪಾಠಿಗೆ ಆಗಲೇ ಎರಡು ಮಕ್ಕಳಿದ್ದವು, ಮೀಸೆ ದಪ್ಪಗಿತ್ತು. ಅವನಿಗೆ ತುಂಟ ಹುಡುಗನ ಪಾತ್ರ. ನಾನು ಗಂಭೀರವಾಗಿ ಕಾಂತದ ಧ್ರುವಗಳನ್ನು ಬೋಧಿಸುತ್ತಿದ್ದರೆ ಕಿರುಬೆರಳೆತ್ತಿ "ಮಿಸ್, ಒಂದಕ್ಕೆ" ಅನ್ನುತ್ತಿದ್ದ. ಉತ್ತರ ಹೇಳಿದ ಮಗುವಿಗೆ ಭೇಷ್, ಜಾಣ ಅಂತ ಹೇಳುವುದಕ್ಕೆ ಪುನರ್ಬಲನ ಕೌಶಲ ಅಂತ ಹೆಸರು. ಹಿಂದಿನ ಬೆಂಚಿನಲ್ಲಿ ಒಬ್ಬಳು ನಾವು ಎಷ್ಟು ಸಲ ಭೇಷ್ ಅಂದೆವು ಅಂತ ಗೆರೆ ಹಾಕುತ್ತಿದ್ದಳು. ನಿಂತ ಕಡೆ ನಿಲ್ಲದೆ ಓಡಾಡುವುದೂ ಒಂದು ಕೌಶಲವೇ, ಅದಕ್ಕೂ ಗೆರೆ. ಗೆರೆಯ ಆಸೆಗೆ ನಾನು ಓಡಾಡಿದ ಓಡಾಟಕ್ಕೆ ಮೀಸೆಯವನು "ಮೇಡಮ್ಮ, ಒಂದ್ ತಾವು ನಿಂತ್ಕ, ತಲೆ ತಿರುಗ್ತದೆ" ಅಂದ. ನಾನು ಅದಕ್ಕೂ ಭೇಷ್ ಅಂದೆ, ಗೆರೆ ಬಿತ್ತು.

ಇದೆಲ್ಲ ನಗುವ ಮಾತಾಯಿತು. ಅಳಿಸುತ್ತಿದ್ದದ್ದು ಪಾಠಯೋಜನೆ. ಉದ್ದನೆಯ ಹಾಳೆಯಲ್ಲಿ ಕಾಲಂ ಎಳೆದು, ಒಂದು ಕಡೆ ಟೀಚರು ಕೇಳುವ ಪ್ರಶ್ನೆ, ಎದುರಿಗೆ ಮಕ್ಕಳು ಕೊಡುವ ಉತ್ತರ, ಎರಡನ್ನೂ ಹಿಂದಿನ ದಿನವೇ ಬರೆದಿಡಬೇಕು. ಮಕ್ಕಳು ನಾಳೆ ಏನು ಹೇಳುತ್ತಾರೆ ಅಂತ ಇವತ್ತೇ ಬರೆಯುವುದು ಜಾತಕ ಬರೆಯುವವರಿಗೂ ಕಷ್ಟ. ಅದರಲ್ಲೂ ಪಾಠ ಶುರುಮಾಡುವ ಪೀಠಿಕೆಯ ನಿಯಮ ಕಟ್ಟುನಿಟ್ಟು. ನಾಲ್ಕು ಪ್ರಶ್ನೆ ಕೇಳಬೇಕು. ಮೊದಲ ಮೂರಕ್ಕೆ ಮಕ್ಕಳು ಉತ್ತರಿಸಬೇಕು. ನಾಲ್ಕನೆಯದು ಸಮಸ್ಯಾತ್ಮಕ ಪ್ರಶ್ನೆ, ಅದಕ್ಕೆ ಯಾರಿಗೂ ಉತ್ತರ ಗೊತ್ತಿರಬಾರದು. ಉತ್ತರದ ಕಾಲಮಿನಲ್ಲಿ 'ಮಕ್ಕಳು ಮೌನ' ಅಂತ ಬರೆಯುತ್ತಿದ್ದೆವು. ಆ ಮೌನ ಬಿದ್ದ ಮೇಲೆಯೇ "ಹಾಗಾದರೆ ಮಕ್ಕಳೇ, ಈ ದಿನ ನಾವು ಇದರ ಬಗ್ಗೆ ತಿಳಿಯೋಣ" ಅಂತ ಹೇಳಿ ಬೋರ್ಡಿನ ಮೇಲೆ ಪಾಠದ ಹೆಸರು ಬರೆಯಬಹುದು. ಮೌನ ಬೀಳದಿದ್ದರೆ ಪಾಠ ಹುಟ್ಟುವುದೇ ಇಲ್ಲ.

ನಮ್ಮನ್ನು ಅಭ್ಯಾಸಕ್ಕೆ ಕಳಿಸುತ್ತಿದ್ದ ಶಾಲೆಯ ಮಕ್ಕಳು ಇದರಲ್ಲಿ ಪಳಗಿದ್ದರು. ವರ್ಷವರ್ಷವೂ ಬಿ.ಇಡಿ.ಯವರು ಬಂದು ಅವೇ ಪ್ರಶ್ನೆ ಕೇಳಿ ಹೋಗುತ್ತಿದ್ದರಲ್ಲ. ಮೂರು ಪ್ರಶ್ನೆಗೆ ಮುಗಿಬಿದ್ದು ಕೈ ಎತ್ತಿ, ನಾಲ್ಕನೆಯದಕ್ಕೆ ಒಟ್ಟಿಗೇ ತಲೆ ತಗ್ಗಿಸುತ್ತಿದ್ದರು. ನನ್ನ ಮೊದಲ ಪಾಠದ ದಿನ ಗಾಬರಿಗೆ ಬೋರ್ಡಿನ ಮೇಲೆ ಹೆಸರು ಬರೆಯುವುದನ್ನೇ ಮರೆತೆ. ಮುಂದಿನ ಬೆಂಚಿನವಳು ಮೆಲ್ಲಗೆ, "ಮೇಡಂ, ಈಗ ಪಾಠದ ಎಸ್ರು ಬರೀಬೇಕು, ಆಮೇಲೆ ಚಾರ್ಟು" ಅಂದಳು. ದೇವರ ಹಾಗೆ ಬಂದೆಯಲ್ಲ ತಾಯಿ ಅಂದುಕೊಂಡೆ.

ದೀಪಾವಳಿ ರಜೆ ಕಳೆದ ಮೇಲೆ ಎಂಟನೇ ಬಿ ವಿಭಾಗಕ್ಕೆ ಒಂದು ಹೊಸ ಹುಡುಗಿ ಬಂದಳು. ಮೂಗೂರಿನ ಕಡೆಯವಳು. ತಾಯಿಗೆ ನಂಜನಗೂಡಿನ ಒಂದು ಛತ್ರದಲ್ಲಿ ಜಮಖಾನ, ದುಪ್ಪಟಿ ಒಗೆಯುವ ಕೆಲಸ ಸಿಕ್ಕಿತ್ತಂತೆ. ಎರಡು ಜಡೆ ಹಾಕಿ, ಮೂರನೇ ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು. ಅವಳಿಗೆ ನಮ್ಮ ನಿಯಮ ಯಾರೂ ಹೇಳಿರಲಿಲ್ಲ.

ಆ ವಾರವೇ ನನ್ನ ವಿಮರ್ಶಾ ಪಾಠ. ಅಂದರೆ ನಮ್ಮ ವಿಜ್ಞಾನದ ಮೇಷ್ಟ್ರು ಮತ್ತು ಸಹಪಾಠಿಗಳೆಲ್ಲ ಹಿಂದೆ ಕೂತು ತಪ್ಪು ಹುಡುಕುವ ಪಾಠ. ವಿಷಯ ಆವಿಯಾಗುವಿಕೆ. ಒದ್ದೆ ಬಟ್ಟೆಯನ್ನು ಎಲ್ಲಿ ಒಣಗಿಸುತ್ತೀರಿ ಅಂತ ಕೇಳಿದೆ, ಬಿಸಿಲಿನಲ್ಲಿ ಅಂದರು. ಒಣಗಿದ ಬಟ್ಟೆಯಲ್ಲಿ ಏನಿರುವುದಿಲ್ಲ ಅಂದೆ, ನೀರು ಅಂದರು. ಆ ನೀರು ಏನಾಯಿತು ಅಂದೆ, ಆವಿಯಾಯಿತು ಅಂದರು. ಎಲ್ಲ ಹಾಳೆಯಲ್ಲಿದ್ದ ಹಾಗೇ ನಡೆಯುತ್ತಿತ್ತು. ಖುಷಿಯಾಗಿ ನಾಲ್ಕನೆಯದು ಕೇಳಿದೆ: "ಹಾಗಾದರೆ ಬಿಸಿಲೇ ಇಲ್ಲದ ಕಡೆ ಬಟ್ಟೆ ಹೇಗೆ ಒಣಗುತ್ತದೆ?" ಎಲ್ಲರ ತಲೆ ತಗ್ಗಿತು. ಒಂದು ಕೈ ಎದ್ದಿತು.

"ಗಾಳಿಗೆ ಕಣ್ ಮೇಡಂ. ನಮ್ಮವ್ವ ಮಳೆ ಬಂದಾಗ ಛತ್ರದೊಳಗೇ ಅಗ್ಗ ಕಟ್ಟಿ ಒಣಗಾಕ್ತಳೆ. ಅಗಲುವಾಗಿ ಅರಡುದ್ರೆ ಬೇಗ ಒಣಗ್ತದೆ, ಮುದುರಿ ಆಕುದ್ರೆ ಎರಡು ದಿನವಾದ್ರೂ ಅಂಗೇ ಇರ್ತದೆ. ಕಿಟಕಿ ತಗುದ್ರೆ ಇನ್ನೂ ಬೇಗ. ಮೋಡ ಮುಚ್ಕಂಡು ತೇವ ಇದ್ರೆ ನಿಧಾನ."

ಅಷ್ಟೇ, ನನ್ನ ಪಾಠ ಮುಗಿದುಹೋಯಿತು. ಮೇಲ್ಮೈ ವಿಸ್ತೀರ್ಣ, ಗಾಳಿಯ ವೇಗ, ತೇವಾಂಶ, ನಾನು ನಲವತ್ತು ನಿಮಿಷಕ್ಕೆ ಹಂಚಿಟ್ಟಿದ್ದ ಅಷ್ಟೂ ಅಂಶವನ್ನು ಅವಳು ಒಂದೇ ಉಸಿರಿಗೆ ಹೇಳಿ ಕೂತಿದ್ದಳು. ನಾನು ಭೇಷ್ ಅನ್ನಲಿಲ್ಲ. ಕೈಯಲ್ಲಿ ಚಾಕ್‌ಪೀಸು ಹಿಡಿದು, "ಇಲ್ಲ, ನಿಮಗೆ ಗೊತ್ತಿಲ್ಲ. ಆದ್ದರಿಂದ ಈ ದಿನ ನಾವು ತಿಳಿಯೋಣ" ಅಂದುಬಿಟ್ಟೆ. ಹಿಂದೆ ಕೂತಿದ್ದ ಮೀಸೆಯವನು ಕರ್ಚೀಫು ಬಾಯಿಗೆ ತುರುಕಿಕೊಂಡ. ಮೇಷ್ಟ್ರು ನನ್ನ ಪುಸ್ತಕದಲ್ಲಿ ಕೆಂಪು ಇಂಕಿನಲ್ಲಿ 'ಸಮಸ್ಯಾತ್ಮಕ ಪ್ರಶ್ನೆಯು ಸಮಸ್ಯಾತ್ಮಕವಾಗಿಲ್ಲ' ಅಂತ ಬರೆದರು. "ನೋಡಮ್ಮ, ಕೊನೆಯ ಪರೀಕ್ಷಾ ಪಾಠದಲ್ಲಿ ಹೀಗಾದ್ರೆ ನಾನೂ ಏನೂ ಮಾಡಕ್ಕಾಗಲ್ಲ. ಇನ್ನೊಂದು ವರ್ಷ ಕೂರಬೇಕಾಗುತ್ತೆ" ಅಂದರು. ಆ ಮಗು ಅಷ್ಟು ಚೆನ್ನಾಗಿ ಹೇಳಿತಲ್ಲ ಅಂತ ಅವರೂ ಅನ್ನಲಿಲ್ಲ, ನಾವು ಯಾರೂ ಅನ್ನಲಿಲ್ಲ.

ಪರೀಕ್ಷಾ ಪಾಠಕ್ಕೆ ವಿಷಯ, ತರಗತಿ ಎರಡನ್ನೂ ಚೀಟಿ ಎತ್ತಿ ಹಂಚುತ್ತಿದ್ದರು. ನನ್ನ ಹಣೆಬರಹ ನೋಡಿ, ಚೀಟಿ ಬಿಚ್ಚಿದರೆ ಆವಿಯಾಗುವಿಕೆ, ಎಂಟನೇ ಬಿ. ಒಂದು ಸಲ ಆದ ಪಾಠವೇ ಆದರೂ ಮಿಕ್ಕ ಮಕ್ಕಳು ತಲೆ ತಗ್ಗಿಸುತ್ತಾರೆ ಅಂತ ಗೊತ್ತಿತ್ತು, ಭಯವೆಲ್ಲ ಆ ಹೊಸ ಹುಡುಗಿಯದೇ.

ಅವತ್ತು ಬಸ್ಸಿನಲ್ಲಿ ಊರಿಗೆ ಹೋಗುವಾಗ ನನ್ನ ತಲೆಯಲ್ಲಿ ಏನೇನು ಬಂತು ಅಂತ ಹೇಳಿದರೆ ನಿಮಗೆ ಅಸಹ್ಯವಾದೀತು. ಪಾಠದ ದಿನ ಅವಳಿಗೆ ಜ್ವರ ಬರಲಿ ಅಂದುಕೊಂಡೆ. ಒಬ್ಬ ಗೆಳತಿ, ಆ ಹೊತ್ತಿಗೆ ಅವಳನ್ನು ಚಾಕ್‌ಪೀಸು ತರಲು ಆಫೀಸಿಗೆ ಕಳಿಸಿಬಿಡು ಅಂದಳು. ನನಗೂ ಅದು ಹೊಳೆದಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಒಂದು ಜಾಗ ಖಾಲಿ ಇದ್ದರೂ ಪರೀಕ್ಷಕರು ಕೇಳುತ್ತಾರೆ. ಕೊನೆಗೆ ಎರಡು ಕಡಲೆಮಿಠಾಯಿ ತೆಗೆದುಕೊಂಡು ಹೋಗಿ, ಆಟದ ಬಿಡುವಿನಲ್ಲಿ ಅವಳನ್ನು ಬೇವಿನ ಮರದ ಹತ್ತಿರ ಕರೆದೆ.

"ನಾಲ್ಕನೇ ಪ್ರಶ್ನೆಗೆ ಕೈ ಎತ್ಬೇಡ ಕಣವ್ವ" ಅಂದೆ.

"ಯಾಕ್ ಮೇಡಂ? ತಪ್ಪೇಳಿದ್ನಾ?"

"ಇಲ್ಲ, ಸರಿ ಹೇಳ್ದೆ. ಅದಕ್ಕೇ."

ಅವಳು ಮಿಠಾಯಿ ನೋಡಿದಳು, ನನ್ನ ಮುಖ ನೋಡಿದಳು. "ಉತ್ರ ಏಳುದ್ರೆ ತಾನೆ ಮೇಡಂ ಮಿಠಾಯಿ ಕೊಡದು? ಸುಮ್ಕಿದ್ರೂ ಕೊಡ್ತರಾ?" ಅಂತ ಕೇಳಿದಳು. ಅವಳು ಕುಹಕವಾಡಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು. ಪುನರ್ಬಲನದ ಬಗ್ಗೆ ಹತ್ತು ಅಂಕದ ಉತ್ತರ ಬರೆದಿದ್ದ ನಾನು ಮಿಠಾಯಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದೆ. ನೀನು ಹೇಳಿದರೆ ನಾನು ಫೇಲಾಗುತ್ತೇನೆ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳ ಮುಖ ಸಣ್ಣಗಾಯಿತು. "ಅಂಗಾರೆ ಏಳಕ್ಕಿಲ್ಲ ಬುಡಿ" ಅಂದಳು. ಮಿಠಾಯಿ ತೆಗೆದುಕೊಳ್ಳಲಿಲ್ಲ.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು, ಸೌಮ್ಯವಾಗಿ ಮಾತಾಡುವವರು. ನಮ್ಮ ಮೇಷ್ಟ್ರ ಪಕ್ಕ ಹಿಂದಿನ ಬೆಂಚಿನಲ್ಲಿ ಕೂತರು. ಒಂದು, ಎರಡು, ಮೂರು ಸಲೀಸಾಗಿ ದಾಟಿದವು. ನಾಲ್ಕನೆಯದು ಕೇಳಿದೆ. ಇಡೀ ತರಗತಿ ತಲೆ ತಗ್ಗಿಸಿತು. ಅವಳು ಎರಡೂ ಕೈಯನ್ನು ತೊಡೆಯ ಕೆಳಗಿಟ್ಟು, ತುಟಿ ಬಿಗಿಹಿಡಿದು ಕೂತಿದ್ದಳು. ನಾನು ಬೋರ್ಡಿನ ಕಡೆ ತಿರುಗುವಷ್ಟರಲ್ಲಿ ಪರೀಕ್ಷಕರು ಎದ್ದು ಬಂದರು.

"ಏನಮ್ಮ, ನೀನೇನೋ ಹೇಳ್ಬೇಕು ಅಂತಿರೋ ಹಾಗಿದೆ. ಗೊತ್ತಾ ನಿನಗೆ?"

ಅವಳು ಎದ್ದು ನಿಂತು ನನ್ನನ್ನು ನೋಡಿದಳು. ಆ ಕ್ಷಣದಲ್ಲಿ ಹೇಳಮ್ಮ ಅನ್ನಬಹುದಿತ್ತು ನಾನು. ಬೋರ್ಡ್ ಒರೆಸುವ ಬಟ್ಟೆಯನ್ನು ಮುದುರಿ ಹಿಡಿದುಕೊಂಡು ನಿಂತೆ.

"ಗೊತ್ತಿಲ್ಲ ಸಾ."

"ಪರವಾಗಿಲ್ಲ ಕೂತ್ಕೊ. ಈಗ ಟೀಚರ್ ಹೇಳಿಕೊಡ್ತಾರೆ, ಗಮನ ಕೊಟ್ಟು ಕೇಳು" ಅಂದರು ಅವರು, ಪ್ರೀತಿಯಿಂದಲೇ.

ಆಮೇಲೆ ನಾನು ಅವಳಿಗೆ ಅವಳ ತಾಯಿಯ ಕೆಲಸವನ್ನು ಮೂವತ್ತೈದು ನಿಮಿಷ ಹೇಳಿಕೊಟ್ಟೆ. ಚಾರ್ಟು ತೋರಿಸಿದೆ. ಎರಡು ತಟ್ಟೆಯಲ್ಲಿ ನೀರಿಟ್ಟು ಪ್ರಯೋಗ ಮಾಡಿದೆ. ನೆನೆಸಿದ ಎರಡು ಕರ್ಚೀಫು ತಂದು ಒಂದನ್ನು ಹರಡಿ, ಒಂದನ್ನು ಮುದುರಿ ಇಟ್ಟೆ. ಅವಳು ಕಣ್ಣು ಮಿಟುಕಿಸದೆ ಕೇಳಿದಳು. ಕೊನೆಗೆ ಮೌಲ್ಯಮಾಪನದ ಹೊತ್ತಿಗೆ ಪರೀಕ್ಷಕರೇ ಮತ್ತೆ ಅವಳನ್ನು ಎಬ್ಬಿಸಿ ಅದೇ ಪ್ರಶ್ನೆ ಕೇಳಿದರು. ಅವಳು ಕೈ ಕಟ್ಟಿ ನಿಂತು, "ಮೇಲ್ಮೈ ವಿಸ್ತೀರ್ಣ ಹೆಚ್ಚಿದಂತೆ ಆವಿಯಾಗುವಿಕೆಯ ವೇಗ ಹೆಚ್ಚುತ್ತದೆ. ಗಾಳಿಯ ವೇಗ ಹೆಚ್ಚಿದಂತೆ ಆವಿಯಾಗುವಿಕೆಯ ವೇಗ ಹೆಚ್ಚುತ್ತದೆ" ಅಂತ ನನ್ನ ಹಾಳೆಯಲ್ಲಿದ್ದ ಹಾಗೇ ಒಪ್ಪಿಸಿದಳು. ಛತ್ರದ ಮಾತಿಲ್ಲ, ಹಗ್ಗದ ಮಾತಿಲ್ಲ, ಅವ್ವನ ಮಾತಿಲ್ಲ.

ಪರೀಕ್ಷಕರು ನಮ್ಮ ಮೇಷ್ಟ್ರ ಕಡೆ ತಿರುಗಿ, "ನೋಡಿ, ಏನೂ ಗೊತ್ತಿಲ್ಲ ಅಂದಿದ್ದ ಮಗು ಒಂದೇ ಪೀರಿಯಡ್ಡಿನಲ್ಲಿ ಎಷ್ಟು ಸ್ಪಷ್ಟವಾಗಿ ಹೇಳಿತು. ಇದು ಬೋಧನೆ" ಅಂದರು. ನಮ್ಮ ಬ್ಯಾಚಿನಲ್ಲೇ ಹೆಚ್ಚು ಅಂಕ ನನಗೆ ಬಂತು. ನೌಕರಿಗೆ ಅಂಕಗಳನ್ನೇ ನೋಡುತ್ತಿದ್ದ ಕಾಲ, ಎರಡು ಸಾವಿರ ಇಸವಿ ದಾಟಿದ ಮೇಲೆ ತಿ. ನರಸೀಪುರದ ಕಡೆಯೇ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ನಮ್ಮವ್ವ ಇಡೀ ಬೀದಿಗೆ ಕಜ್ಜಾಯ ಹಂಚಿದಳು. ಬಿ.ಇಡಿ.ಯಲ್ಲಿ ಏನು ಕಲಿತೆ ಅಂತ ಯಾರಾದರೂ ಕೇಳಿದರೆ ನಾಯಿ, ಬೆಕ್ಕು, ಇಲಿಗಳ ಕಥೆ ಹೇಳಿ ನಗಿಸುತ್ತೇನೆ. ಇಷ್ಟು ವರ್ಷ ಯಾರಿಗೂ ಹೇಳದೆ ಬಿಟ್ಟದ್ದು, ಅವತ್ತು ಪಾಠ ಮುಗಿದ ಮೇಲೆ ನಡೆದದ್ದು.

ಪರೀಕ್ಷಕರು ಹೋದ ಮೇಲೆ ನಾನು ಚಾರ್ಟು ಸುತ್ತುತ್ತಾ ವರಾಂಡಕ್ಕೆ ಬಂದೆ. ಅವಳು ಬಾಗಿಲ ಹತ್ತಿರ ನಿಂತಿದ್ದಳು.

"ಪಾಸಾದ್ರಾ ಮೇಡಂ?"

"ಆದೆ ಕಣವ್ವ."

ಅವಳು ನಕ್ಕಳು. ಆಮೇಲೆ ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಂಡು ಕೇಳಿದಳು. "ಅಂಗಾರೆ ನಾಳಿಂದ ಉತ್ರ ಏಳ್ಬೋದಾ ಮೇಡಂ?"

ಮಾರನೆಯ ದಿನ ಅದೇ ತರಗತಿಯಲ್ಲಿ ಮೀಸೆಯವನ ಪರೀಕ್ಷಾ ಪಾಠವಿತ್ತು. ಅದರ ಮರುದಿನ ನನ್ನ ಗೆಳತಿಯದು. ಅವರಾದ ಮೇಲೆ ಇನ್ನೂ ಎಷ್ಟೋ ಜನ ಕಾಯುತ್ತಿದ್ದರು. ಅವರ ಮನೆಗಳಲ್ಲೂ ನನ್ನ ಅವ್ವನಂಥವರೇ ಇದ್ದರು.

"ನಾಳೆ ಬೇಡ ಕಣವ್ವ" ಅಂದೆ. "ಇನ್ನೊಂದಷ್ಟು ದಿನ ಸುಮ್ನಿರು."

"ಆಯ್ತು ಮೇಡಂ" ಅಂದಳು. ಎಷ್ಟು ದಿನ ಅಂತ ಅವಳು ಕೇಳಬಹುದು ಅಂತ ನಾನು ಚಾರ್ಟು ಹಿಡಿದುಕೊಂಡು ಕಾದೆ. ಅವಳು ಕೇಳಲಿಲ್ಲ.