ಮಲಗಿದ ಜೋಸೆಫರ ಕಣ್ಣು

ಆ ಶನಿವಾರ ಮುಂಬ್ರಾ ಸ್ಟೇಷನ್ ದಾಟಿದ ಮೇಲೆ ನಾನು ಲೋಕಲ್ ರೈಲಿನಲ್ಲಿ ನಿಜಕ್ಕೂ ನಿದ್ದೆ ಮಾಡಿದ್ದೆನೇ ಎಂದು ಮುಂದೆ ಮೂರು ಜನ ಸೇರಿ ನನ್ನನ್ನು ವಿಚಾರಣೆಗೆ ನಿಲ್ಲಿಸುತ್ತಾರೆಂದು ಗೊತ್ತಿದ್ದರೆ, ಠಾಣೆಯಿಂದ ಡೊಂಬಿವಲಿಯವರೆಗೂ ನಿಂತೇ ಬರುತ್ತಿದ್ದೆ. ಈಗ ಬರೆಯಲು ಕೂತರೆ ನೆನಪು ಪ್ರತಿ ಸಲವೂ ನನಗೆ ಅನುಕೂಲವಾಗುವ ಹಾಗೆ ಜಾಗ ಬದಲಿಸುತ್ತದೆ. ಆದ್ದರಿಂದ ಖಚಿತವಾಗಿ ಗೊತ್ತಿರುವುದರಿಂದ ಶುರುಮಾಡುತ್ತೇನೆ.

ಖಚಿತವಾಗಿ ಗೊತ್ತಿರುವುದು ಬಾಯಮ್ಮನ ಬಲ ಮೊಣಕಾಲು.

ಡೊಂಬಿವಲಿ ಈಸ್ಟಿನ ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ನಾವು ಎರಡನೆಯ ಮಹಡಿ, ಬಾಯಮ್ಮ ಮೂರನೆಯದು. ಮಂಗಳೂರು ಕಡೆಯ ಕ್ರಿಶ್ಚಿಯನ್ ಹೆಂಗಸರನ್ನು ನಾವು ಕರಾವಳಿಯವರು ಬಾಯಮ್ಮ ಎಂದೇ ಕರೆಯುವುದು. ಈ ಬಾಯಮ್ಮ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತರಾದವರು. ಮೊಣಕಾಲು ಕೆಟ್ಟು ಹತ್ತು ತಿಂಗಳಿನಿಂದ ಕೆಳಗೆ ಇಳಿದಿರಲಿಲ್ಲ. ಹಾಲು, ತರಕಾರಿ, ಮಾತ್ರೆ, ಭಾನುವಾರದ ಮೀನು ಎಲ್ಲವನ್ನೂ ಮೇಲೆ ಹೊರುತ್ತಿದ್ದವನು ನಾನು. ನವಿ ಮುಂಬಯಿಯಲ್ಲಿರುವ ಅವರ ಮಗಳು ಅಲ್ಲಿನ ಆಸ್ಪತ್ರೆಯಲ್ಲಿ ಎರಡು ಸಲ ಆಪರೇಶನ್ನಿಗೆ ದಿನ ಗೊತ್ತುಮಾಡಿದ್ದರು. ಎರಡು ಸಲವೂ ಬಾಯಮ್ಮ ಹಿಂದಿನ ದಿನ ಫೋನ್ ಮಾಡಿ, ಬರುವುದಿಲ್ಲ ಎಂದಿದ್ದರು.

"ನೀವೇ ನರ್ಸು, ನಿಮಗೆಂತ ಹೆದರಿಕೆ ಬಾಯಮ್ಮ?" ಎಂದು ಕೇಳಿದ್ದೆ.

"ನರ್ಸು ಅಂತಲೇ ಹೆದರಿಕೆ ಮಗಾ. ಪೇಶೆಂಟಿಗೆ ಪ್ರಜ್ಞೆ ತಪ್ಪಿದ ಮೇಲೆ ಒಳಗೆ ಎಂತೆಂತ ಮಾತಾಡ್ತಾರೆ ಅಂತ ನಂಗೆ ಗೊತ್ತುಂಟು."

ಮೂರನೆಯ ಸಲದ ದಿನ ಒಂದು ಸೋಮವಾರ. ಅದಕ್ಕೆ ಅವರದು ಒಂದೇ ಶರತ್ತು: ಮಲಗಿದ ಜೋಸೆಫರ ಕೆಳಗೆ ಚೀಟಿ ಇಡದೆ ತಾನು ಮೆಟ್ಟಿಲು ಇಳಿಯುವುದಿಲ್ಲ.

ಸಂತ ಜೋಸೆಫರಿಗೆ ದೇವರ ಮಾತು ಕೇಳಿಸಿದ್ದು ನಿದ್ದೆಯಲ್ಲಿ. ಹಾಗಾಗಿ ಅವರು ಮಲಗಿರುವ ಮೂರ್ತಿಯ ಕೆಳಗೆ ನಮ್ಮ ಕಷ್ಟವನ್ನು ಬರೆದಿಟ್ಟರೆ ಅವರು ಕನಸಿನಲ್ಲೇ ಅದನ್ನು ಮೇಲಕ್ಕೆ ಮುಟ್ಟಿಸುತ್ತಾರೆ ಎಂಬ ನಂಬಿಕೆ. ಬಾಯಮ್ಮನ ಹತ್ತಿರ ಅಂಗಡಿಯಲ್ಲಿ ಕೊಂಡ ಪ್ಲಾಸ್ಟರಿನ ಜೋಸೆಫರಿದ್ದರು. ಫ್ರಿಜ್ಜಿನ ಮೇಲಿಂದ ಬಿದ್ದು ತಲೆ ಬೇರೆಯಾಯಿತು. ಬಾಯಮ್ಮ ಕನ್ನಡಕ ಹಾಕಿಕೊಳ್ಳದೆ ಅಂಟಿಸಿದರು. ಅಂಟು ಒಣಗಿದ ಮೇಲೆ ನೋಡಿದರೆ ಸಂತರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಮಲಗಿದ್ದರು. ಆಮೇಲೆ ಇಟ್ಟ ಒಂದು ಚೀಟಿಯೂ ಕೆಲಸ ಮಾಡಲಿಲ್ಲವಂತೆ. ಈ ಸಲ ಮರದ್ದೇ ಆಗಬೇಕು, ಕೈಯಲ್ಲಿ ಕೆತ್ತಿದ್ದೇ ಆಗಬೇಕು ಎಂದರು.

ಎರಡು ಸ್ಟೇಷನ್ ಆಚೆ ದಿವಾದಲ್ಲಿರುವ ಮರಗೆಲಸದ ಆಚಾರ್ರನ್ನು ಹುಡುಕಿಕೊಟ್ಟವನು ನಾನು. ಹೆಂಡತಿ, ತಾನು ಎನ್ನುತ್ತಾಳೆ. ಇರಲಿ. ಆಚಾರ್ರು ಉಡುಪಿ ಕಡೆಯವರು. ಅವರ ಅಪ್ಪ ಊರಿನ ದೇವಸ್ಥಾನಗಳಿಗೆ ಬಾಗಿಲನ್ನೂ ಇಗರ್ಜಿಗಳಿಗೆ ಶಿಲುಬೆಯನ್ನೂ ಸಂತರನ್ನೂ ಕೆತ್ತುತ್ತಿದ್ದವರು. ಈಗ ಇವರ ಹೊಟ್ಟೆಪಾಡು ಹೊಸ ಟವರುಗಳ ಫ್ಲಾಟಿಗೆ ಗೋಡೆಯ ಮೇಲೆ ಕೂರಿಸುವ ಪೂಜಾಮಂಟಪ. ಸಂತ ಎಂದ ಕೂಡಲೇ ಅವರ ಮುಖ ಅರಳಿತು. ಯಾವ ಸಂತ ಎಂದು ಕೇಳಲಿಲ್ಲ, "ಕೈಯಲ್ಲಿ ಎಂತ ಹಿಡಿದದ್ದು?" ಎಂದು ಕೇಳಿದರು. ಬೀಗದ ಕೈ ಹಿಡಿದವರು, ಮಗು ಎತ್ತಿಕೊಂಡವರು, ಹೀಗೆಯೇ ಅವರಿಗೆ ಸಂತರ ಗುರುತು.

"ಎಂತದೂ ಹಿಡಿದಿಲ್ಲ. ಮಲಗಿದ್ದಾರೆ. ಬಡಗಿ" ಎಂದೆ.

"ಬಡಗಿಯಾ? ಹಾಗಾದ್ರೆ ನಮ್ಮವರೇ. ಹಗಲು ಹೊತ್ತು ಮಲಗ್ಲಿಕ್ಕೆ ಎಂತ ಆಯ್ತು ಅವರಿಗೆ?"

ಠಾಣೆಯ ಕೋಪರಿಯಲ್ಲಿ ಕೆಡವಿದ ಹಳೆಯ ಚಾಳಿನ ಸಾಗುವಾನಿ ತೊಲೆಯ ತುಂಡಿನಲ್ಲಿ ಆಚಾರ್ರು ಮೊಳದುದ್ದದ ಜೋಸೆಫರನ್ನು ಎಬ್ಬಿಸಿದರು, ಅಂದರೆ ಮಲಗಿಸಿದರು. ಬಡಗಿಯ ಮಾನ ಉಳಿಯಲಿ ಎಂದು ತಲೆದಿಂಬಿನ ಪಕ್ಕ ಒಂದು ಬಾಚಿ, ಒಂದು ಉಳಿ, ಒಂದು ಕೊಡತಿಯನ್ನೂ ಕೆತ್ತಿದರು. ಕೆಲಸ ಮುಗಿಸಿಯೇ ಮಲಗಿದ್ದು ಎಂದು ಜನರಿಗೆ ಗೊತ್ತಾಗಬೇಕಲ್ಲ. ಅಂಗಿಯ ನಿರಿಗೆ, ಗಡ್ಡದ ಸುರುಳಿ ಎಲ್ಲ ಆಯಿತು. ಆಮೇಲೆ ಕೆಲಸ ನಿಂತಿತು.

ಕಣ್ಣು ತೆರೆಸದೆ ಒಂದು ಮೂರ್ತಿಯನ್ನೂ ಅವರ ಮನೆತನದವರು ಹೊರಗೆ ಕೊಟ್ಟಿಲ್ಲ. ಎಲ್ಲ ಕೆಲಸ ಮುಗಿದ ಮೇಲೆ, ಸ್ನಾನ ಮಾಡಿ, ಕೊನೆಯದಾಗಿ ಕಣ್ಣು ಬಿಡಿಸಬೇಕು. ಅಲ್ಲಿಯವರೆಗೆ ಅದು ಮರದ ತುಂಡು.

ಬಾಯಮ್ಮ ನನ್ನ ಫೋನಿನಲ್ಲಿ ಕೂಗಿದರು. "ಆಚಾರ್ರೆ, ಮಲಗಿದವರಿಗೆ ಕಣ್ಣು ತೆರೆಸಿದ್ರೆ ಅವರು ಎದ್ದುಬಿಡ್ತಾರಲ್ಲ!"

"ತೆರೆಸದೆ ಕೊಟ್ರೆ ನಾನು ನಿಮಗೆ ಸೌದೆ ಕೊಟ್ಟ ಹಾಗೆ ಆಗ್ತದೆ ಬಾಯಮ್ಮ."

"ಎಚ್ಚರ ಇದ್ದವರು ನನ್ನ ಸುತ್ತ ಬೇಕಾದಷ್ಟು ಉಂಟು. ಒಬ್ಬನಾದ್ರೂ ಹೇಳಿದ್ದು ಕೇಳ್ತಾನಾ? ನನಗೆ ಮಲಗಿದವರೇ ಬೇಕು."

ಈ ಜಗಳ ನಾಲ್ಕು ದಿನ ನಡೆಯಿತು. ಸೋಮವಾರಕ್ಕೆ ಇನ್ನು ಒಂಬತ್ತೇ ದಿನ ಇದ್ದಾಗ ಆ ಶನಿವಾರ ಬಂತು. ಠಾಣೆಯ ನನ್ನ ಆಫೀಸಿಗೆ ಅಂದು ಅರ್ಧ ದಿನ. ಆಚಾರ್ರು ಕೋಪರಿಗೆ ಮರ ನೋಡಲು ಬಂದಿದ್ದರು. ಮಧ್ಯಾಹ್ನ ಠಾಣೆಯಲ್ಲೇ ಹೊರಡುವ ಲೋಕಲ್ ಸಿಕ್ಕಿತು, ಎದುರುಬದುರು ಕೂತೆವು. ಮಲಗಿದವರ ರೆಪ್ಪೆ ಹೇಗಿರುತ್ತದೆ ಎಂದು ಸರಿಯಾಗಿ ನೋಡಬೇಕು ಎಂದರು ಅವರು.

"ಮನೆಯವರು ಮಲಗಿದಾಗ ನೋಡ್ಬಹುದಲ್ಲ?"

"ಅವಳು ಬಾಯಿ ತೆರೆದು ಮಲಗುವುದು ಮಾರಾಯ್ರೆ. ಅದನ್ನು ಕೆತ್ತಿದ್ರೆ ನಾನು ಆ ಮನೆಯಲ್ಲಿ ಇರ್ಲಿಕ್ಕುಂಟಾ?"

ಕಳವಾದಲ್ಲಿ ಜನ ಹತ್ತಿದರು. ಮುಂಬ್ರಾದಲ್ಲಿ ಇನ್ನಷ್ಟು. ನಾನು ಕಣ್ಣು ಮುಚ್ಚಿದೆ. ಮತ್ತೆ ಬಿಟ್ಟದ್ದು ಡೊಂಬಿವಲಿಯಲ್ಲಿ. ದಿವಾದಲ್ಲಿ ಇಳಿಯಬೇಕಾಗಿದ್ದ ಆಚಾರ್ರು ಇನ್ನೂ ಎದುರಿಗೇ ಕೂತಿದ್ದರು. ಕೈಯಲ್ಲಿ ಬಡಗಿಯ ಚಪ್ಪಟೆ ಪೆನ್ಸಿಲು, ತೊಡೆಯ ಮೇಲೆ ಮರದಂಗಡಿಯ ಚೀಟಿ, ಅದರ ಬೆನ್ನಿನಲ್ಲಿ ಏಳೆಂಟು ಕಣ್ಣುಗಳು.

"ಸಿಕ್ಕಿತು" ಎಂದರು. "ಮಲಗಿದವನ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ಕೆಳಗೆ ಒಂದು ಕೂದಲೆಳೆಯಷ್ಟು ಬಿಟ್ಟಿರ್ತದೆ. ಅಷ್ಟು ತೆರೆಸಿದ್ರೆ ನನ್ನ ಕಟ್ಟಳೆಯೂ ಆಯ್ತು, ಅವರ ನಿದ್ದೆಯೂ ಕೆಡುವುದಿಲ್ಲ."

ಮುಂದಿನ ಶನಿವಾರ ಮೂರ್ತಿಯನ್ನು ಹಳೆಯ ಲುಂಗಿಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ದಿವಾದಲ್ಲಿ ರೈಲು ಹತ್ತಿದರಂತೆ. ಯಾರೋ ಮಗುವೆಂದು ತಿಳಿದು "ಬಚ್ಚಾ ಹೈ ಕ್ಯಾ? ಬೈಠೋ ಚಾಚಾ" ಎಂದು ಸೀಟು ಬಿಟ್ಟುಕೊಟ್ಟರಂತೆ. ಆಚಾರ್ರು ಸುಳ್ಳು ಹೇಳುವವರಲ್ಲ. "ಸೋ ರಹಾ ಹೈ", ಮಲಗಿದ್ದಾನೆ, ಎಂದಷ್ಟೇ ಹೇಳಿ ಕೂತರಂತೆ.

ಬಾಯಮ್ಮನ ಟೇಬಲ್ಲಿನ ಮೇಲೆ ಲುಂಗಿ ಬಿಚ್ಚಿದರು. ನಾನು, ಹೆಂಡತಿ, ಆಚಾರ್ರು ಸುತ್ತ ನಿಂತಿದ್ದೆವು. ಬಾಯಮ್ಮ ಕನ್ನಡಕ ಒರೆಸಿ, ಒಮ್ಮೆ ಎಡಗಡೆಯಿಂದ, ಒಮ್ಮೆ ಬಲಗಡೆಯಿಂದ ಬಗ್ಗಿ ನೋಡಿದರು.

"ಇವರು ಮಲಗ್ಲಿಲ್ಲ" ಎಂದರು. "ನಿದ್ದೆ ಬಂದ ಹಾಗೆ ಮಾಡ್ತಾ ಇದ್ದಾರೆ. ಇದು ಲೋಕಲ್ ಟ್ರೇನಿನಲ್ಲಿ ಸೀಟು ಬಿಟ್ಟುಕೊಡದವರ ಮುಖ."

"ಅಯ್ಯ ಶಿವನ!" ಎಂದಳು ಹುಬ್ಬಳ್ಳಿಯಲ್ಲಿ ಬೆಳೆದ ನನ್ನ ಹೆಂಡತಿ. "ಇದು ನಮ್ಮನಿಯವರ ಮಾರಿ! ಗಡ್ಡ ಹಚ್ಚ್ಯಾರ ಅಷ್ಟ. ಮನ್ಯಾಗ ಕಸದ ಡಬ್ಬಿ ಹೊರಗಿಡೂ ಹೊತ್ತಿಗೆ ಹಿಂಗ ಮಲಗ್ತಾರ ನೋಡ್ರಿ."

ಆಚಾರ್ರ ಮುಖ ಕಪ್ಪಾಯಿತು. ಅಷ್ಟು ದಿನದ ಕೆಲಸ. "ಹೋದ ಶನಿವಾರ ರೈಲಿನಲ್ಲಿ ಇವರು ಮಲಗಿದ್ದನ್ನು ನೋಡಿಯೇ ಮಾಡಿದ್ದು ಬಾಯಮ್ಮ. ಇವರನ್ನೇ ಕೇಳಿ."

ಬಾಯಮ್ಮ ನನ್ನ ಕಡೆ ತಿರುಗಿದರು. "ಮಗಾ, ಸಂತರ ಮುಂದೆ ಹೇಳು. ಅವತ್ತು ನೀನು ನಿಜವಾಗಿ ಮಲಗಿದ್ದೆಯಾ? ಹೌದಾದ್ರೆ ಚೀಟಿ ಇಡ್ತೇನೆ, ಸೋಮವಾರ ಹೋಗ್ತೇನೆ. ಇಲ್ಲಾಂದ್ರೆ ಇಲ್ಲ."

ಆ ಕ್ಷಣ ನನಗೆ ನೆನಪಾದದ್ದು: ಶುಕ್ರವಾರ ನಿದ್ದೆಗೆಟ್ಟಿದ್ದೆ, ಕಣ್ಣು ಎಳೆಯುತ್ತಿತ್ತು, ರೈಲು ತೂಗುತ್ತಿತ್ತು, ಮಲಗಿಬಿಟ್ಟೆ. ಅದರ ಜೊತೆಗೇ ಇನ್ನೊಂದು: ಮುಂಬ್ರಾದಲ್ಲಿ ಹತ್ತಿದ ಒಬ್ಬ ಮುದುಕರು ನನ್ನ ಮೊಣಕಾಲಿಗೆ ಚೀಲ ತಾಗಿಸಿ ನಿಂತಿದ್ದರು. ಅವರ ಎಡಗಾಲಿನ ಚಪ್ಪಲಿಯ ಬಾರು ನೀಲಿ, ಬಲಗಾಲಿನದು ಕಪ್ಪು. ಮಲಗಿದವನಿಗೆ ಬಾರಿನ ಬಣ್ಣ ಹೇಗೆ ಗೊತ್ತಾಯಿತು? ಆ ಮುದುಕರು ಬೇರೆ ಯಾವುದೋ ದಿನದವರಿರಬಹುದು. ಕಣ್ಣು ಮುಚ್ಚುವ ಮೊದಲೇ ನೋಡಿದ್ದಿರಬಹುದು. ಆದರೆ ಹಾಲು ನೆನಪಾಯಿತು. ಇನ್ನೂ ಹತ್ತು ತಿಂಗಳು ಮೂರು ಮಹಡಿ.

"ಗಾಢ ನಿದ್ದೆ ಬಾಯಮ್ಮ" ಎಂದೆ.

"ಗೊರಕೆ ಕೂಡ ಇತ್ತು" ಎಂದು ಆಚಾರ್ರು ಸಾಕ್ಷಿ ಹೇಳಿದರು.

ನಾನು ಗೊರಕೆ ಹೊಡೆಯುವುದು ಕಳ್ಳ ನಿದ್ದೆಯಲ್ಲಿ ಮಾತ್ರ. ಅದು ಗೊತ್ತಿರುವವಳು ಹೆಂಡತಿ ಒಬ್ಬಳೇ. ಅವಳು ನನ್ನನ್ನೊಮ್ಮೆ ನೋಡಿ, ಚಹಾದ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಮದುವೆಯಾದ ಮೇಲೆ ಅವಳು ನನ್ನನ್ನು ಉಳಿಸಿದ ಸಂದರ್ಭಗಳಲ್ಲಿ ಇದನ್ನು ಮೇಲಿನ ಸಾಲಿನಲ್ಲಿ ಇಡುತ್ತೇನೆ.

ಬಾಯಮ್ಮ ಇನ್ನೊಮ್ಮೆ ಸಂತರನ್ನೂ ನನ್ನನ್ನೂ ನೋಡಿದರು. ನಾಲ್ಕು ಮಡಿಕೆಯ ಚೀಟಿಯನ್ನು ಮೂರ್ತಿಯ ಕೆಳಗೆ ತಳ್ಳಿದರು. ಆಚಾರ್ರು ದೊಡ್ಡದಾಗಿ ಉಸಿರು ಬಿಟ್ಟರು.

ಸೋಮವಾರ ಬೆಳಿಗ್ಗೆ ನಾನೂ ವಾಚ್‌ಮನ್ನೂ ಬಾಯಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಕೆಳಗೆ ಇಳಿಸಿದೆವು. ಪ್ರತಿ ತಿರುವಿನಲ್ಲೂ ಅವರು ನಮಗೆ ರೋಗಿಯನ್ನು ಸಾಗಿಸುವ ಸರಿಯಾದ ಕ್ರಮವನ್ನು ಹೇಳಿಕೊಟ್ಟರು. ಆಪರೇಶನ್ ಆಯಿತು. ಪ್ರಜ್ಞೆ ಬಂದ ಮೇಲೆ ಮಗಳ ಹತ್ತಿರ ಮೊದಲು ಕೇಳಿದ್ದು, ಒಳಗೆ ಡಾಕ್ಟರು ಏನು ಮಾತಾಡಿದರು ಎಂದಂತೆ.

ನಾಲ್ಕೈದು ತಿಂಗಳ ಮೇಲೆ ಒಂದು ಮಧ್ಯಾಹ್ನ ನನಗೆ ಕಲ್ಯಾಣದಲ್ಲಿ ಕೆಲಸವಿತ್ತು. ಅಲ್ಲಿಂದಲೇ ಠಾಣೆಗೆ ಸೀಟು ಸಿಕ್ಕಿತು. ಡೊಂಬಿವಲಿಯಲ್ಲಿ ಜನ ಹತ್ತುವ ಸದ್ದು ಕೇಳಿ ಕಣ್ಣು ಮುಚ್ಚಿದೆ. ನನ್ನ ಬೂಟಿನ ಮೇಲೆ ಏನೋ ಎರಡು ಸಲ ಕುಟ್ಟಿತು.

"ಏಳು ಜೋಸೆಫ."

ಎದ್ದೆ. ಬಾಯಮ್ಮ ಕೋಲನ್ನು ನನ್ನ ಕೈಗೆ ಕೊಟ್ಟು ನನ್ನ ಸೀಟಿನಲ್ಲಿ ಕೂತರು. ಮಗಳ ಮನೆಗೆ ಹೊರಟಿದ್ದರು. ಲೇಡೀಸ್ ಡಬ್ಬ ದೂರ ಎಂದು ಇದಕ್ಕೇ ಹತ್ತಿದ್ದರು.

"ಅವತ್ತೂ ಹೀಗೇ ಮಲಗಿದ್ದು ಅಲ್ವಾ?"

"ಇರಬಹುದು ಬಾಯಮ್ಮ."

"ನಂಗೆ ಆಗಲೇ ಗೊತ್ತಿತ್ತು."

"ಮತ್ತೆ ಚೀಟಿ ಇಟ್ರಲ್ಲ?"

"ಎಂತ ಮಾಡುವುದು? ಸಂತರ ಮುಂದೆ ನಿಂತು ನೀನು ಅಷ್ಟು ದೊಡ್ಡ ಸುಳ್ಳು ಹೇಳಿದೆ. ಪಾಪ, ಹಾಲು ಹೊತ್ತು ಹೊತ್ತು ಹುಡುಗ ಸೋತಿದ್ದಾನೆ ಅಂತ ಕಂಡಿತು."

ದಿವಾದಲ್ಲಿ ಜನ ನುಗ್ಗಿದರು. ಕೈಯಲ್ಲಿ ಬುಟ್ಟಿ ಹಿಡಿದ ಒಬ್ಬ ಹೆಂಗಸು ನಮ್ಮ ಸೀಟಿನ ಪಕ್ಕ ಬಂದು ನಿಂತರು. ನಾನು ತಿರುಗಿ ನೋಡುವಷ್ಟರಲ್ಲಿ ಬಾಯಮ್ಮನ ಕಣ್ಣು ಮುಚ್ಚಿತ್ತು. ರೆಪ್ಪೆಯ ಕೆಳಗೆ ಕೂದಲೆಳೆಯಷ್ಟು ಬೆಳ್ಳಗೆ ಕಾಣುತ್ತಿತ್ತು. ಕಾಣುತ್ತಿತ್ತೋ, ಈಗ ನಾನೇ ಆ ಗೆರೆ ಎಳೆಯುತ್ತಿದ್ದೇನೋ. ಅಂದು ಆಚಾರ್ರು ಜೊತೆಗಿದ್ದಿದ್ದರೆ ಚೀಟಿಯ ಬೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದರು.