ಉಳಿದ ಮೂರನೆಯ ಹಲ್ಲು

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಹಲ್ಲು ಕೀಳುವವರಿಗೆ ಯಾವ ಕಾಲಕ್ಕೂ ಬರವಿರಲಿಲ್ಲ. ಕೀಳದೆ ಕಳಿಸುವ ವೈದ್ಯರೇ ಅಪರೂಪ. ಆ ಅಪರೂಪದವರಲ್ಲಿ ಹಿರಿಯರಾದ ಡಾ. ಯಾಮಿನಿಯವರು ಮೂವತ್ತೈದು ವರ್ಷಗಳ ಸೇವೆಯ ನಂತರ ಗೌರಿಬಿದನೂರಿನ ತಮ್ಮ ಚಿಕಿತ್ಸಾಲಯವನ್ನು ಕಿರಿಯ ಸಹೋದ್ಯೋಗಿ ಡಾ. ತನುಜ ಅವರಿಗೆ ಒಪ್ಪಿಸಿ ವಿಶ್ರಾಂತರಾಗುತ್ತಿದ್ದಾರೆ. ಅವರಿಗಾಗಿ ಶಿಷ್ಯರಾದ ನಾವು ಈ ಅಭಿನಂದನ ಗ್ರಂಥ ತರುತ್ತಿದ್ದೇವೆ; ಇಂಥ ಗ್ರಂಥವೆಂದರೆ ಹೊಗಳಿಕೆಯೇ ಇರಬೇಕೆಂಬ ರೂಢಿಯುಂಟು. ಆದರೆ ತಮ್ಮ ತಪ್ಪನ್ನು ಬರೆಯದಿದ್ದರೆ ಸನ್ಮಾನಕ್ಕೇ ಬರುವುದಿಲ್ಲವೆಂದು ಅಮ್ಮನವರು ಪಟ್ಟು ಹಿಡಿದರು. ಅವರ ಪಟ್ಟಿನ ಮುಂದೆ ನಮ್ಮದೇನೂ ನಡೆಯದು.

ಮೊದಲ ವರ್ಷಗಳಲ್ಲಿ ಯಾಮಿನಿಯವರ ಕೈ ಬಲು ಚುರುಕು, ಆ ಚುರುಕಿನ ಬಗ್ಗೆ ಒಂದಿಷ್ಟು ಜಂಬವೂ ಇತ್ತು. ತೊಂಡೇಬಾವಿಯ ಕದಿರಮ್ಮ, ಸೀರೆಯ ಸೆರಗಿಗೆ ಕುಚ್ಚು ಕಟ್ಟಿ ಸಂಸಾರ ತೂಗಿಸುತ್ತಿದ್ದಾಕೆ, ಬಲದವಡೆ ಹಿಡಿದುಕೊಂಡು ಬಂದು ಹಲ್ಲು ಕಿತ್ತುಬಿಡಿ ಎಂದರು. ಕಿತ್ತದ್ದಾಯಿತು. ನೋವು ಹೋಗಲಿಲ್ಲ. ಆರು ತಿಂಗಳಿಗೆ ಪಕ್ಕದ ಹಲ್ಲನ್ನೂ ಕಿತ್ತದ್ದಾಯಿತು. ನೋವು ಜಗ್ಗಲಿಲ್ಲ. ಎರಡು ವಾರ ಬಿಟ್ಟು ಬರುವ ಸೋಮವಾರ ಮೂರನೆಯದನ್ನು ಕೀಳುವುದೆಂದು ನಿಗದಿಯಾಯಿತು.

ಅಷ್ಟರಲ್ಲಿ ಯಾಮಿನಿಯವರು ದವಡೆಯ ಕೀಲು ಮತ್ತು ಸ್ನಾಯುಗಳ ಬಗ್ಗೆ ಒಂದು ವಾರದ ತರಬೇತಿಗೆ ಹೋಗಿಬಂದರು. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆಸಿ ನೋಡುವುದು, ಕೆನ್ನೆಯ ಸ್ನಾಯು ಒತ್ತಿ ನೋಡುವುದು, ಎಲ್ಲಕ್ಕಿಂತ ಹೆಚ್ಚಾಗಿ ರೋಗಿ ದಿನವಿಡೀ ಬಾಯಿಂದ ಏನು ಮಾಡುತ್ತಾರೆಂದು ಕೇಳುವುದು ಅಲ್ಲಿ ಕಲಿತ ಪಾಠ. ಆ ಸೋಮವಾರಕ್ಕೆ ಎರಡು ದಿನ ಮುಂಚೆ, ಶನಿವಾರ, ತೊಂಡೇಬಾವಿಯ ಶಾಲೆಯಲ್ಲಿ ದಂತ ತಪಾಸಣೆಯಿತ್ತು. ಮುಗಿಸಿ ರೈಲು ನಿಲ್ದಾಣದ ಕಡೆ ನಡೆದು ಬರುತ್ತಿದ್ದಾಗ, ಜಗಲಿಯ ಮೇಲೆ ಕದಿರಮ್ಮ ಕೂತಿದ್ದರು. ರೇಷ್ಮೆ ದಾರದ ತುದಿಯನ್ನು ಬಲಗಡೆ ಹಲ್ಲುಗಳಲ್ಲಿ ಬಿಗಿಯಾಗಿ ಕಚ್ಚಿ ಹಿಡಿದು ಗಂಟು ಹಾಕುವುದು, ಉಳಿದ ದಾರವನ್ನು ಹಲ್ಲಲ್ಲೇ ಕಡಿಯುವುದು, ಮತ್ತೆ ಕಚ್ಚುವುದು. ಇಪ್ಪತ್ತು ವರ್ಷದಿಂದ ಅದೇ ಕೆಲಸ.

ಯಾಮಿನಿಯವರು ಅಲ್ಲೇ ನಿಂತರು. ಸುಮ್ಮನೆ ಹೋಗಬಹುದಿತ್ತು, ಕಿತ್ತ ಹಲ್ಲುಗಳು ಚೆನ್ನಾಗಿದ್ದವೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಊರೂರಿಗೆ ಸುದ್ದಿ, ಕಷ್ಟಪಟ್ಟು ಗಳಿಸಿದ ಹೆಸರು ಮಣ್ಣುಪಾಲು. ಕೊನೆಗೆ ಜಗಲಿ ಹತ್ತಿ ಕೂತು, ಕದಿರಮ್ಮನ ಕೆನ್ನೆ ಒತ್ತಿ ನೋಡಿದರು. ಆಕೆ ನೋವಿಗೆ ಹೌಹಾರಿ ಹಿಂದೆ ಸರಿದರು.

"ನೋವಿರೋದು ಇಲ್ಲಿ ಕದಿರಮ್ಮ, ದಾರ ಕಚ್ಚೀ ಕಚ್ಚೀ ದಣಿದಿರೋ ಈ ಕೆನ್ನೇಲಿ, ಹಲ್ಲಲ್ಲಲ್ಲ. ನಿಮ್ಮ ಎರಡು ಒಳ್ಳೇ ಹಲ್ಲು ಕಿತ್ತುಬಿಟ್ಟೆ ನಾನು."

ಕದಿರಮ್ಮ ಬಾಯಲ್ಲಿದ್ದ ದಾರ ತೆಗೆದರು. "ನಾನೇ ಅಲ್ವಾ ಡಾಕ್ಟ್ರಮ್ಮ, ಕೀಳಿ ಅಂದಿದ್ದು?"

"ನೀವು ಅಂದ್ರಿ. ನೋಡ್ಬೇಕಾಗಿದ್ದು ನಾನು."

ಆಕೆಯ ಮುಖ ಕೆಂಪಾಯಿತು. "ಅಗಿಯೋಕಾಗ್ದೆ ಒಂದು ವರ್ಷದಿಂದ ಬರೀ ಮುದ್ದೆ ನುಂಗ್ಕೊಂಡೇ ಇದೀನಿ. ಈಗ ಬಂದು ಹೀಗಂತೀರಲ್ಲ. ಹೇಳ್ದಿದ್ರೆ ನಂಗೇನು ಗೊತ್ತಾಗ್ತಿತ್ತು? ಯಾಕ್ ಹೇಳಿದ್ರಿ?"

"ಸೋಮವಾರ ಮೂರನೇದು ಕೀಳಿಸ್ಕೊಳ್ಳೋಕೆ ಬರ್ತೀರಲ್ಲಮ್ಮ, ಅದಕ್ಕೆ."

ಕದಿರಮ್ಮ ಎದ್ದು ಒಳಗೆ ಹೋದರು, ಕಾಫಿ ಕುಡಿಯಿರೆಂದೂ ಅನ್ನಲಿಲ್ಲ. ಸೋಮವಾರವೂ ಬರಲಿಲ್ಲ. ಹತ್ತು ದಿನದ ಮೇಲೆ ಬಂದು ಕುರ್ಚಿಯಲ್ಲಿ ಕೂತರು. ಚಿಕಿತ್ಸೆಯಲ್ಲಿ ಪವಾಡವೇನಿರಲಿಲ್ಲ: ದಾರಕ್ಕೆ ಹಲ್ಲಿನ ಬದಲು ಕತ್ತರಿ ಮತ್ತು ಒಂದು ಕ್ಲಿಪ್ಪು, ಕೆನ್ನೆಗೆ ಬಿಸಿಬಟ್ಟೆಯ ಶಾಖ, ಕೆಲವು ವಾರ ಮೆತ್ತಗಿನ ಊಟ, ತುಟಿ ಮುಚ್ಚಿದ್ದರೂ ಹಲ್ಲಿಗೆ ಹಲ್ಲು ತಾಗಿಸದಿರುವ ಅಭ್ಯಾಸ, ಮಲಗುವಾಗ ಹಲ್ಲಿಗೊಂದು ಕವಚ. ಎರಡು ತಿಂಗಳಲ್ಲಿ ನೋವು ಮುಕ್ಕಾಲು ಪಾಲು ಇಳಿಯಿತು. ಕಳೆದುಹೋದ ಹಲ್ಲುಗಳ ಜಾಗದಲ್ಲಿ ಯಾಮಿನಿಯವರೇ ಹಲ್ಲು ಕಟ್ಟಿಕೊಟ್ಟರು.

ಅಲ್ಲಿಂದ ಮುಂದೆ ಚಿಂತಾಮಣಿ, ಶಿಡ್ಲಘಟ್ಟದಿಂದಲೂ ದವಡೆ ಹಿಡಿದು ಬಂದವರನ್ನು ಅವರು ಮೊದಲು ಕೇಳುತ್ತಿದ್ದದ್ದು ಯಾವ ಹಲ್ಲೆಂದಲ್ಲ, ಏನು ಕೆಲಸವೆಂದು. ಕೈಕೆಳಗೆ ಕಲಿಯಲು ಬಂದ ಪ್ರತಿಯೊಬ್ಬರಿಗೂ ಮೊದಲ ದಿನವೇ ಈ ಕಥೆಯನ್ನು ತಮ್ಮ ಹೆಸರು ಹಿಡಿದೇ ಹೇಳುತ್ತಿದ್ದರು. ಕೇಳಿ ನಾಚಿದವರು ನಾವು, ಅವರಲ್ಲ.

ಇನ್ನು ಮುಂದೆ ವಾರಕ್ಕೊಮ್ಮೆ ನಂದಿ, ಕಳವಾರ ಊರುಗಳಲ್ಲಿ ಉಚಿತವಾಗಿ ರೋಗಿಗಳನ್ನು ನೋಡುವೆನೆಂದಿದ್ದಾರೆ. ಆ ಕೈಗೂ ಆ ಮನಸ್ಸಿಗೂ ಆಯುರಾರೋಗ್ಯ ತುಂಬಿರಲೆಂದು ಶಿಷ್ಯರಾದ ನಾವು ಮನಸಾರೆ ಕೋರುತ್ತೇವೆ. ನಮ್ಮ ಬಿರುದು ಬಿನ್ನವತ್ತಳೆಗಳೆಲ್ಲ ಒಂದು ತೂಕವಾದರೆ, ಹಲ್ಲುನೋವೆಂದು ಬಂದ ನೆರೆಯವರಿಗೆ ಕದಿರಮ್ಮ ಇವತ್ತಿಗೂ ಹೇಳುವ ಮಾತೇ ಇನ್ನೊಂದು ತೂಕ: "ಯಾಮಿನಮ್ಮನ ಹತ್ರಾನೇ ಹೋಗಿ. ಆಯಮ್ಮ ತಪ್ಪು ಮಾಡಿದ್ರೆ ಮನೆಗೇ ಬಂದು ಹೇಳ್ತಾರೆ."