ಕೆಳಗಿನ ಖಾನೆಯಲ್ಲಿ ಮಲಗಿದ ಗಿಡ

ಚಳಿಗಾಲದಲ್ಲಿ ನನ್ನ ಅಂಗಡಿಯಲ್ಲಿ ತಣ್ಣಗಿನದು ಏನೂ ಖರ್ಚಾಗುವುದಿಲ್ಲ. ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಎದುರು ಸೋಡಾ, ಶರಬತ್ತು, ಹಾಲು, ಮಜ್ಜಿಗೆ ಪಾಕೀಟು ಮಾರುವವನು ನಾನು. ದೀಪಾವಳಿ ದಾಟಿತೆಂದರೆ ಬಸ್ಸಿನಿಂದ ಇಳಿದವರೆಲ್ಲ ಬಾಜೂಕಿನ ಚಹಾದಂಗಡಿಗೇ ಹೋಗುತ್ತಾರೆ. ನನ್ನ ಫ್ರಿಜ್ಜಿನ ಕೆಳಗಿನ ಖಾನೆ ಖಾಲಿ ಬೀಳುತ್ತದೆ. ಆ ಖಾನೆಯನ್ನು ನನ್ನ ಹೆಂಡತಿ ತನ್ನ ಗಿಡಕ್ಕೆಂದು ಕೇಳಿ ತೆಗೆದುಕೊಂಡಿದ್ದಳು.

ಅದು ನೊಣ ಹಿಡಿಯುವ ಗಿಡ. ಅಂಗೈಯಷ್ಟು ಅಗಲ, ಅಷ್ಟೇ. ಪ್ರತಿ ಎಲೆಯ ತುದಿಯಲ್ಲೂ ರೆಪ್ಪೆಗೂದಲಿನಂಥ ಮುಳ್ಳಿರುವ ಪುಟ್ಟ ಬಾಯಿ. ನೊಣವೋ ಇರುವೆಯೋ ಒಳಗೆ ಹೊಕ್ಕು ಓಡಾಡಿದರೆ ಆ ಬಾಯಿ ಟಪ್ಪೆಂದು ಮುಚ್ಚಿಕೊಳ್ಳುತ್ತದೆ. ಮೊಬೈಲಿನಲ್ಲಿ ನೋಡಿ ತರಿಸಿದ್ದಳು. ಪೆಟ್ಟಿಗೆಯ ಮೇಲೆ ವೀನಸ್ ಫ್ಲೈಟ್ರ್ಯಾಪ್ ಎಂದು ಬರೆದಿತ್ತು. ನಮ್ಮ ಓಣಿಯಲ್ಲಿ ಅದು ನೊಣದ ಗಿಡವೇ ಆಯಿತು. ಅವಳು ಮನೆಯ ಬಾಗಿಲಲ್ಲಿ ಕುಳಿತು ಸೀರೆಗಳಿಗೆ ಫಾಲ್ ಹಚ್ಚುತ್ತಿದ್ದಳು. ಕಿಟಕಿಯ ಕಟ್ಟೆಯ ಮೇಲೆ ಅದರ ಕುಂಡ ಇರುತ್ತಿತ್ತು. ಸೂಜಿಗೆ ದಾರ ಪೋಣಿಸುವಾಗ ಅದರ ಜೊತೆ ಏನೋ ಮಾತಾಡುತ್ತಿದ್ದಳು. ನಾನು ಬಂದರೆ ಸುಮ್ಮನಾಗುತ್ತಿದ್ದಳು. ಆಗಲೂ ನನಗೆ ಆ ಗಿಡವನ್ನು ಕಂಡರೆ ಅಷ್ಟಕ್ಕಷ್ಟೆ.

ಮೊದಲ ಚಳಿಗಾಲದಲ್ಲಿ ಎಲೆಗಳು ಕಪ್ಪಾಗತೊಡಗಿದಾಗ ಕುಂಡ ಹಿಡಿದುಕೊಂಡು ಅಂಗಡಿಗೇ ಬಂದಳು.

"ಥಂಡಿ ದಿನದಾಗ ಇದಕ್ಕ ನಿದ್ದಿ ಬೇಕಂತ. ನಮ್ಮ ಊರ ಥಂಡಿ ಸಾಲೂದಿಲ್ಲ, ಮಧ್ಯಾನ್ಹ ಬಿಸಲು ಬೀಳತೈತಿ. ಕೆಳಗಿನ ಖಾನೆ ಖಾಲೀನ ಐತಲ್ಲ, ಕೊಡ್ರಿ."

"ಹಾಲಿನ ಪಾಕೀಟಿನ ಬಾಜೂಕ ನೊಣಾ ತಿನ್ನೂ ಗಿಡಾ ಇಟ್ರ ಗಿರಾಕಿ ಏನಂದಾರು?"

"ಮಲಗಿದಾಗ ಅದು ಏನೂ ತಿನ್ನೂದಿಲ್ಲ. ನಿಮಗಿಂತ ಮಡೀಲೆ ಇರತೈತಿ."

ಕಪ್ಪಾದ ಎಲೆಗಳನ್ನು ದಾರ ಕತ್ತರಿಸುವ ಸಣ್ಣ ಕತ್ತರಿಯಿಂದ ತೆಗೆದಳು. ಬೇರನ್ನು ಮಳೆನೀರಿನಲ್ಲಿ ತೊಳೆದಳು. ಬೋರಿನ ನೀರು ಉಪ್ಪು, ಅದಕ್ಕೆ ಆಗದು. ಅದಕ್ಕೇ ಮಳೆಗಾಲದಲ್ಲಿ ಮಾಳಿಗೆಯ ನೀರನ್ನು ನನ್ನ ಅಂಗಡಿಯ ಖಾಲಿ ಬಾಟಲಿಗಳಲ್ಲಿ ತುಂಬಿಡುತ್ತಿದ್ದಳು. ತೊಳೆದ ಮೇಲೆ ಉಳಿದದ್ದು ಬೆಳ್ಳುಳ್ಳಿಯಂಥ ಒಂದು ಬಿಳಿ ಗಡ್ಡೆ. ಅದನ್ನು ತೇವದ ಪಾಚಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಮುಚ್ಚಿದಳು.

"ಮ್ಯಾಲಿಂದ ಮ್ಯಾಲೆ ತಗದು ನೋಡಬ್ಯಾಡ್ರಿ. ಶಿವರಾತ್ರಿ ತನಕಾ ಅದರ ಪಾಡಿಗೆ ಬಿಡ್ರಿ," ಎಂದಳು.

ನಾನು ತೆಗೆದು ನೋಡುತ್ತಿದ್ದೆ. ಅವಳಿಗೆ ಅಷ್ಟು ಬೇಕಾದದ್ದು ಅದರೊಳಗೆ ಏನಿದೆ ಎಂದು.

ಎರಡನೆಯ ಚಳಿಗಾಲ ಮುಗಿದಾಗ ಗಡ್ಡೆಯಲ್ಲಿ ಎರಡು ಮೊಳಕೆ ಇದ್ದವು. ಬ್ಲೇಡಿನಿಂದ ಸೀಳಿ ಒಂದನ್ನು ಅಬ್ಬಿಗೇರಿಯಲ್ಲಿರುವ ತನ್ನ ಅಕ್ಕನಿಗೆ ಕೊಟ್ಟಳು. ನನ್ನನ್ನು ಕೇಳಲಿಲ್ಲ. ಆ ಮಳೆಗಾಲದಲ್ಲಿ ನನ್ನ ಹೆಂಡತಿಗೆ ಜ್ವರ ಬಂತು. ಇಲ್ಲಿ ಇಳಿಯಲಿಲ್ಲವೆಂದು ಹುಬ್ಬಳ್ಳಿಗೆ ಒಯ್ದೆವು. ಅಲ್ಲಿಂದ ಅವಳನ್ನು ತಂದದ್ದು ಆಂಬುಲೆನ್ಸಿನಲ್ಲಿ.

ದೀಪಾವಳಿ ಆದ ಮೇಲೆ ಎಲೆಗಳು ಕಪ್ಪಾದವು. ಅವಳು ಮಾಡುತ್ತಿದ್ದಂತೆಯೇ ಮಾಡಿದೆ. ಅದೇ ಕತ್ತರಿ, ಅವಳೇ ತುಂಬಿಟ್ಟ ಬಾಟಲಿಯ ನೀರು. ಫ್ರಿಜ್ಜಿನಲ್ಲಿ ಇಡುವಾಗ ಒಬ್ಬ ಗಿರಾಕಿ ಇಣುಕಿ, "ಏನ್ರಿ, ಬಳ್ಳೊಳ್ಳಿ ವ್ಯಾಪಾರಾನೂ ಚಾಲೂ ಮಾಡಿದ್ರೇನು?" ಎಂದ. ಮಾರುವುದಲ್ಲ ಎಂದಷ್ಟೇ ಹೇಳಿದೆ.

ನಮಗೆ ಒಬ್ಬಳೇ ಮಗಳು, ನರಗುಂದಕ್ಕೆ ಕೊಟ್ಟಿದ್ದೇವೆ. ಮೊದಲೆಲ್ಲ ಅವಳು ನರಗುಂದದಿಂದ ರೋಣಕ್ಕೆ, ರೋಣದಿಂದ ನೆಟ್ಟಗೆ ನಮ್ಮೂರಿಗೆ ಬರುತ್ತಿದ್ದಳು. ಈಗ ನಡುವೆ ಅಬ್ಬಿಗೇರಿಯಲ್ಲಿ ಇಳಿಯತೊಡಗಿದಳು. ಒಂದು ದಿನ ಅಲ್ಲಿಂದಲೇ ಮರಳಿ ಹೋಗಿ ರಾತ್ರಿ ಫೋನು ಮಾಡಿದಳು.

"ಅಪ್ಪಾ, ದೊಡ್ಡವ್ವನ ಮನ್ಯಾಗ ಅವ್ವನ ಗಿಡಾ ನೋಡಿ ಬಂದೆ. ಎಷ್ಟ ಚಲೋ ಬಂದೈತಿ. ಹಸರಂದ್ರ ಹಸರು."

"ನಮ್ಮಲ್ಲೂ ಐತಲ್ಲವಾ."

"ನಿಂದು ಡಬ್ಬ್ಯಾಗ ಐತಲ್ಲಪ್ಪಾ. ಏನಂತ ನೋಡೂದು?"

ಫೋನಿಟ್ಟ ಮೇಲೂ ಆ ಮಾತು ಹೋಗಲಿಲ್ಲ. ಸತ್ತವಳು ನನ್ನ ಹೆಂಡತಿ. ನೋಡಲು ಎಲ್ಲರೂ ಹೋಗುತ್ತಿದ್ದುದು ಅವಳ ಅಕ್ಕನ ಮನೆಗೆ.

ಎಳ್ಳಮಾವಾಸ್ಯೆಗೆ ಹೊಲದೂಟಕ್ಕೆಂದು ಅಬ್ಬಿಗೇರಿಯವರು ಕರೆದರು. ಊಟದ ನೆವ. ನಾನು ಹೋದದ್ದು ಗಿಡ ನೋಡಲು. ಹೆಂಡತಿಯ ಅಕ್ಕ ನನಗಿಂತ ಹಿರಿಯಳು. ತಾಯಿಯಿಲ್ಲದ ತಂಗಿಯನ್ನು ಎತ್ತಿ ಆಡಿಸಿದವಳು. ನಾನು ಅಕ್ಕಾರ ಎನ್ನುತ್ತೇನೆ. ಆ ಮನೆಯಲ್ಲಿ ಎಲ್ಲರೂ ಕರೆಯುವಂತೆ ಅವಳೂ ನನ್ನನ್ನು ಅಳಿಯಾರ ಎನ್ನುತ್ತಾಳೆ. ಕಿಟಕಿಯಲ್ಲಿ ಕುಂಡ ಇತ್ತು. ಕುಂಡಕ್ಕೆ ಕುಂಕುಮ ಹಚ್ಚಿದ್ದಳು. ಓಣಿಯ ಹೆಂಗಸರು ಸುತ್ತ ನಿಂತಿದ್ದರು. ಅವಳು ಕಸಬರಿಗೆಯ ಕಡ್ಡಿಯಿಂದ ಒಂದು ಇರುವೆಯನ್ನು ಬಾಯೊಳಗೆ ಬಿಟ್ಟಳು. ಅದು ಮೆಲ್ಲಗೆ ಮುಚ್ಚಿಕೊಂಡಿತು.

"ತಂಗಿ ಇಲ್ಲೇ ಕುಂತಾಳ ನೋಡ್ರಿ. ಅಕ್ಕನ್ನ ಬಿಟ್ಟು ಎಲ್ಲಿ ಹೊಕ್ಕಾಳ?" ಎಂದಳು ಒಬ್ಬಳು.

ಕೂಡುವುದಾದರೆ ನನ್ನ ಮನೆಯಲ್ಲಿ ಕೂಡಬೇಕಿತ್ತು. ಅವಳು ಫಾಲ್ ಹಚ್ಚುತ್ತಿದ್ದ ಚಾಪೆಯನ್ನು ನಾನಿನ್ನೂ ಸುತ್ತಿಟ್ಟಿರಲಿಲ್ಲ.

ಹೆಂಗಸರು ಹೋದ ಮೇಲೆ ಹೇಳಿದೆ: "ಅಕ್ಕಾರ, ಇದು ಈಗ ಮಲಗೂ ಹೊತ್ತು. ತಿನ್ನಸಬ್ಯಾಡ್ರಿ. ರಾತ್ರಿ ಒಲಿ ಮುಂದ ಇಡತೀರಂತ, ಅದೂ ಬ್ಯಾಡ. ನನ್ನ ಕಡೆ ಕೊಡ್ರಿ, ಶಿವರಾತ್ರಿ ತನಕಾ ಫ್ರಿಜ್ಜಿನ್ಯಾಗ ಇಟ್ಟು ತಂದು ಕೊಡತೇನಿ."

ಅವಳು ಕಡ್ಡಿಯನ್ನು ಕೆಳಗಿಟ್ಟಳು.

"ಖರೇ ಹೇಳ್ರಿ ಅಳಿಯಾರ. ನಿಮ್ಮದು ಕರ್ರಗಾತು, ನಂದು ಹಸರೈತಿ. ಅದನ್ನ ನಿಮಗ ನೋಡಾಕ ಆಗವಲ್ದು. ಹೌದಿಲ್ಲೋ?"

"ಹಂಗಲ್ರಿ. ಆಕೀನ ಹೇಳಿದ್ಲು."

"ನಂದನ್ನೂ ಹಂಗ ಇಡಬೇಕಂತ ಆಕಿ ನನಗ ಹೇಳಿಲ್ಲ."

"ಥಂಡಿ ದಿನಾ ಬಂದಮ್ಯಾಲೆ ಹೇಳತಿದ್ಲು."

ಅವಳು ಕುಂಡವನ್ನು ತನ್ನ ಕಡೆ ಎಳೆದುಕೊಂಡಳು. "ನನ್ನ ತಂಗೀನ್ನ ಆ ದವಾಖಾನ್ಯಾಗ ಥಂಡಿ ಪೆಟಗ್ಯಾಗ ಇಟ್ಟಿದ್ರು. ಒಂದು ರಾತ್ರಿ ಪೂರಾ. ನೀವು ಹೊರಗ ಕುಂತಿದ್ರಿ, ನಾನೂ ಕುಂತಿದ್ದೆ. ಇದನ್ನೂ ಅದರಾಗ ಇಡು ಅಂತೀರಲ್ಲ, ನನ್ನ ಕೈಲೆ ಆಗೂದಿಲ್ಲ."

ಬಸ್ಸಿನಲ್ಲಿ ಬರುವಾಗ ಕಡಲೆಯ ಹೊಲಗಳನ್ನು ನೋಡುತ್ತ ಕುಳಿತೆ. ನಾನು ಹೇಳಿದ್ದು ನಿಜ. ಹೊಟ್ಟೆಕಿಚ್ಚಿನಿಂದ ಹೇಳಿದೆ ಎಂಬುದೂ ನಿಜ. ಅವಳಿಗೆ ಎರಡನೆಯದು ಮಾತ್ರ ಕಂಡಿತು.

ಮುಂದಿನ ಸಲ ಮಗಳು ಬಂದಾಗ, "ದೊಡ್ಡವ್ವ ಮಳಿನೀರು ಕೇಳ್ಯಾಳ," ಎಂದಳು. ಮಂಚದ ಕೆಳಗೆ ಸಾಲಾಗಿದ್ದ ಬಾಟಲಿಗಳನ್ನು ಅವಳ ತಾಯಿ ಜ್ವರ ಬರುವ ಮುಂಚೆ ತುಂಬಿದ್ದಳು. ಮತ್ತೆ ತುಂಬುವವರಿಲ್ಲ. ಕೊಡುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಸೋರಿ ಸ್ವಲ್ಪ ತಗ್ಗಿದ್ದ ಬಾಟಲಿಯನ್ನೇ ಹುಡುಕಿ ಕೊಟ್ಟೆ.

"ನಿನ್ನ ಗಿಡಾ ಬದುಕೈತಿ ಇಲ್ಲೋ, ನಿನಗರ ಗೊತ್ತೈತೇನಪ್ಪಾ?" ಎಂದು ಕೇಳಿದಳು.

ಗೊತ್ತಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಡಬ್ಬಿ ತೆರೆದಾಗ ಗಡ್ಡೆಯ ಮೇಲೆ ಬೂದಿಯಂಥ ಬೂಸರು ಹಿಡಿದಿತ್ತು. ಅದನ್ನು ಹೊರಗೆ ತೆಗೆದು ಬಿಸಿಲಿಗಿಡಬೇಕು, ಎರಡು ಎಲೆಯಾದರೂ ಹಸಿರಾಗಲಿ, ಅಬ್ಬಿಗೇರಿಯವರೂ ಬಂದು ನೋಡಲಿ ಎನಿಸಿತು. ಆದರೆ ಅವಳು ಹೇಳಿದ್ದು ಶಿವರಾತ್ರಿ ತನಕ. ಹತ್ತಿಯಿಂದ ಬೂಸರು ಒರೆಸಿದೆ, ಕೊಳೆತ ಒಂದು ಬೇರು ಕತ್ತರಿಸಿದೆ, ಪಾಚಿ ಬದಲಿಸಿದೆ. ಅವಳಂತೆ ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಗಟ್ಟಿ ಇತ್ತು. ಮತ್ತೆ ಮುಚ್ಚಿಟ್ಟೆ.

ಶಿವರಾತ್ರಿಗೆ ಇನ್ನೇನು ನಾಲ್ಕಾರು ದಿನ ಇರುವಾಗ ರೋಣದ ಬಸ್ಸಿನಿಂದ ಅಕ್ಕ ಇಳಿದಳು. ಕೈಯಲ್ಲಿ ವಾಯರ್ ಚೀಲ, ಅದರಲ್ಲಿ ಕುಂಡ. ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಕುಳಿತಳು. ನೀರು ಕೊಟ್ಟರೆ ಕುಡಿಯಲಿಲ್ಲ.

"ಬಾಯಿ ಮುಚ್ಚವಲ್ದು. ಇರಿವಿ ಬಿಟ್ರ ಒಳಗ ಅಡ್ಡ್ಯಾಡಿ ಹಂಗ ಹೊರಗ ಬರತಾವು," ಎಂದಳು.

ಎಲೆಗಳು ಉದ್ದಕ್ಕೆ, ತೆಳ್ಳಗೆ, ಬಿಳಚಿಕೊಂಡು ಬಿದ್ದಿದ್ದವು. ಈ ದಿನಕ್ಕಾಗಿ ಚಳಿಗಾಲವೆಲ್ಲ ಕಾದಿದ್ದೆ. ನೋಡಿ ಸುಖವಾಯಿತು, ಸುಳ್ಳು ಹೇಳುವುದಿಲ್ಲ. ಕುಂಡವನ್ನು ಬೋರಲು ಹಾಕಿ ಗಡ್ಡೆ ತೆಗೆದೆ. ಬೆರಳಿಟ್ಟರೆ ಕೊಳೆತ ಉಳ್ಳಾಗಡ್ಡಿಯಂತೆ ಮೆತ್ತಗೆ ಒಳಗೆ ಹೋಯಿತು. ಅವಳು ನನ್ನ ಬೆರಳನ್ನು ನೋಡುತ್ತಿದ್ದಳು. ಅಲ್ಲಿಗೆ ಆ ಸುಖ ಮುಗಿಯಿತು. ಅದೂ ನನ್ನ ಹೆಂಡತಿ ಕೈಯಾರೆ ಸೀಳಿದ ಗಿಡವೇ ಆಗಿತ್ತು.

"ತೀರತೇನ್ರಿ?"

"ಹೂಂನ್ರಿ ಅಕ್ಕಾರ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಎದ್ದು ಫ್ರಿಜ್ಜಿನ ಕೆಳಗಿನ ಖಾನೆಯಿಂದ ಡಬ್ಬಿ ತೆಗೆದೆ. ಪಾಚಿ ಬಿಡಿಸಿದರೆ ಗಡ್ಡೆ ಬೆಳ್ಳಗೆ ಇತ್ತು. ಒಂದಕ್ಕೊಂದು ಒತ್ತಿಕೊಂಡು ಎರಡು ಮೊಳಕೆ, ತುದಿಯಲ್ಲಿ ತಿಳಿಹಸಿರು. ಅವಳು ಬಗ್ಗಿ ನೋಡಿದಳು. ಕೊಡು ಎನ್ನಲಿಲ್ಲ. ಎಂದಿದ್ದರೆ ನಾನು ಇಲ್ಲ ಅನ್ನುತ್ತಿದ್ದೆನೋ ಏನೋ. ಬ್ಲೇಡು ತೆಗೆದುಕೊಂಡು ನಡುವೆ ಸೀಳಿದೆ. ಎರಡೂ ಸಮನಾಗಲಿಲ್ಲ. ಸಣ್ಣದನ್ನು ಪಾಚಿಯಲ್ಲಿ ಸುತ್ತಿ ಅವಳ ಕೈಗಿಟ್ಟೆ.

"ಸಣ್ಣದು ಕೊಟ್ರಿ," ಎಂದಳು.

"ಹೂಂ."

"ಇರಲಿ ಬಿಡ್ರಿ. ನಾನಾದ್ರೂ ಸಣ್ಣದ ಕೊಡತಿದ್ದೆ."

ಮುಂಜಾನೆಯ ಬಿಸಿಲು, ಮಳೆನೀರು, ಹೊಸ ಬಾಯಿ ತೆರೆಯುವ ತನಕ ಏನೂ ತಿನ್ನಿಸಬಾರದು ಎಂದು ಹೇಳಿದೆ. ಈ ಸಲ ತಲೆಯಾಡಿಸಿದಳು. ದೀಪಾವಳಿಯ ನಂತರ ಇಲ್ಲಿಗೆ ತರಬೇಕು, ಕೆಳಗಿನ ಖಾನೆ ಖಾಲಿಯೇ ಇರುತ್ತದೆ ಎಂದೆ. ಅವಳು ಫ್ರಿಜ್ಜಿನ ಕಡೆ ನೋಡಿದಳು. ತುಸು ನಕ್ಕಂತೆ ಕಂಡಿತು.

"ಆಕಿ ಇಲ್ದಾಗ ಕದ್ದು ತಗದು ನೋಡತಿದ್ರಂತಲ್ಲ ನೀವು."

"ಯಾರಂದ್ರು?"

"ಆಕೀನ. ಡಬ್ಬೀ ಮುಚ್ಚಳದ ಮ್ಯಾಲೆ ಒಂದೆಳಿ ದಾರಾ ಇಟ್ಟು ಬರತಿದ್ಲಂತ. ಮರುದಿನಾ ಬಂದ್ರ ದಾರಾ ಕೆಳಗ ಬಿದ್ದಿರತಿತ್ತಂತ. ಫೋನಿನ್ಯಾಗ ಹೇಳಿ ಹೇಳಿ ನಗತಿದ್ಲು."

"ನನಗ ಒಂದು ಮಾತು ಅನಲಿಲ್ಲ ಮತ್ತ."

"ಬೈದ್ರ ನೋಡೂದು ಬಿಟ್ಟ ಬಿಡತಾರ ಅಂದ್ಲು."

ರೋಣದ ಬಸ್ಸು ಬಂತು. ಅವಳ ಚೀಲದಲ್ಲಿ ಒಂದು ಬಾಟಲಿ ಮಳೆನೀರು ಇಟ್ಟೆ, ತುಂಬಿದ್ದು. ಅವಳು ಹತ್ತಿ ಕಿಟಕಿಯ ಬದಿ ಕುಳಿತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಬಸ್ಸು ಹೋದ ಮೇಲೆ ನನ್ನ ಪಾಲಿನ ಗಡ್ಡೆಯನ್ನು ಕುಂಡದಲ್ಲಿ ನೆಟ್ಟೆ. ಆ ದಾರದ ಮಾತು ಇಷ್ಟು ದಿನ ಅಬ್ಬಿಗೇರಿಯಲ್ಲಿತ್ತು. ನನ್ನ ಹೆಂಡತಿ ನನ್ನ ಬಗ್ಗೆ ನಕ್ಕ ನಗೆಯನ್ನು ಇನ್ನೊಬ್ಬರು ಕೇಳಿದ್ದರು, ನಾನು ಕೇಳಿರಲಿಲ್ಲ. ಇನ್ನೂ ಅಂಥವು ಎಷ್ಟು ಅವಳ ಬಳಿ ಇವೆಯೋ. ಮುಂದಿನ ಅಮಾವಾಸ್ಯೆಗೆ ಅವರು ಕರೆಯದಿದ್ದರೂ ಹೋಗಬೇಕು ಅಂದುಕೊಂಡೆ.